ಹ್ಯಾಂಡಲ್ ನಡುಗಿದ್ದಕ್ಕೆ ಕಾರಣ

ಜೆ.ಪಿ. ನಗರ,
ಗುರುವಾರ

ಪ್ರೀತಿಯ ವಿಜಯಣ್ಣನಿಗೆ,

ನಿನ್ನ ತಂಗಿ ಶ್ರೀದೇವಿಯ ಶರಣು.

ಹೊಸಕೆರೆಹಳ್ಳಿಗೂ ನಮ್ಮ ಮನೆಗೂ ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದುಕೊಂಡು ಕಾಗದ ಬರೆಯುವುದೇಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ಗಾಡಿಯ ಮಾತು ತೆಗೆದರೆ "ಆಯ್ತು ಬಿಡೇ" ಎಂದು ಇಟ್ಟುಬಿಡುತ್ತೀಯ. ಮನೆಗೆ ಬಂದು ತೆಗೆದರೆ ಎದ್ದುಹೋಗಿ ಗಿಡಕ್ಕೆ ನೀರು ಹಾಕುತ್ತೀಯ. ಹೋದ ಸಲ ಮಳೆ ಬರುತ್ತಿದ್ದಾಗಲೂ ಹಾಕಿದೆ. ಆದರೆ ಬರಹದಲ್ಲಿರುವುದು ಏನೇ ಕೈಗೆ ಸಿಕ್ಕರೂ ಕೊನೆಯ ಸಾಲಿನವರೆಗೆ ಓದದೆ ಬಿಡುವವನಲ್ಲ ನೀನು. ಪೇಪರಿನ ಟೆಂಡರ್ ಪ್ರಕಟಣೆಗಳನ್ನೂ ಓದುವ ಮನುಷ್ಯ. ಅದನ್ನು ನಂಬಿ ಬರೆಯುತ್ತಿದ್ದೇನೆ.

ಭಾನುವಾರ ಹನ್ನೊಂದು ಗಂಟೆಗೆ ಅನಂತಪದ್ಮನಾಭ ಅವರು ನಮ್ಮ ಮನೆಗೆ ಬರುತ್ತಾರೆ. ಜಯನಗರದಲ್ಲಿ ಹೊಸ ಹೋಟೆಲ್ ತೆರೆಯುತ್ತಿರುವವರು, ನೀನೇ ಮಾತಾಡಿ ಒಪ್ಪಿಸಿದವರು. ಅಪ್ಪನ ಬಿ.ಎಸ್.ಎ. ಮೋಟಾರ್ ಬೈಕನ್ನು ಕ್ಯಾಷ್ ಕೌಂಟರಿನ ಮೇಲಿನ ಗೋಡೆಗೆ ಏರಿಸುವುದು ಅವರ ಯೋಜನೆ. ಮನುಷ್ಯ ಒಳ್ಳೆಯವರೇ. ನೋಡಲು ಬಂದ ದಿನ ಸ್ಟಾರ್ಟ್ ಮಾಡಿ ತೋರಿಸಲು ಹೋದರೆ, "ಓಡೋದೇನೂ ಬೇಡ ಮೇಡಂ, ಕಾಣ್ಸಿದ್ರೆ ಸಾಕು" ಎಂದರು. ಆರ್.ಸಿ. ನಿನ್ನ ಹೆಸರಿನಲ್ಲಿದೆ. ನೀನು ಸಹಿ ಹಾಕಿದ ದಿನ ಗಾಡಿ ಆಯಿಲ್ ಬಸಿದುಕೊಂಡು ಗೋಡೆ ಹತ್ತುತ್ತದೆ. ಹಾಕಬೇಡ ಎಂದು ನಾನು ಹೇಳುವುದಿಲ್ಲ. ಹಾಕುವ ಮೊದಲು ನಿನಗೆ ಗೊತ್ತಿರಬೇಕಾದ ಸಂಗತಿಗಳಿವೆ, ಅವನ್ನು ಹೇಳುತ್ತೇನೆ.

ಶ್ರಾವಣದ ಆ ಸೋಮವಾರ ಬೆಳಿಗ್ಗೆ ನೀನು ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ಬೇಗೂರಿನ ನಾಗೇಶ್ವರನ ಗುಡಿಗೆ ಹೊರಟಿದ್ದೆ. ಹುಳಿಮಾವು ದಾಟಿದ ಮೇಲೆ ಖಾಲಿ ರಸ್ತೆಯ ಇಳಿಜಾರಿನಲ್ಲಿ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಹೊಡೆದಾಡಿತು. ಗಾಡಿ ಮಣ್ಣಿಗಿಳಿಯಿತು, ಇಬ್ಬರೂ ಬಿದ್ದಿರಿ. ನಿನಗೆ ತರಚು ಗಾಯ. ಸುನಿತಾ ಅತ್ತಿಗೆಯ ಮಣಿಕಟ್ಟು ಮುರಿಯಿತು. ಎತ್ತಲು ಬಂದವರಲ್ಲಿ ಯಾರೋ, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂಕಲ್?" ಅಂದರಂತೆ. ನಾನು ಆಸ್ಪತ್ರೆಗೆ ಓಡಿಬಂದು ಏನಾಯಿತೆಂದು ಕೇಳಿದರೆ ನೀನು ಅಂದದ್ದು ಇಷ್ಟೇ: "ಕೈ ನಡುಗ್ತು." ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಯಾರೂ ಎದುರು ಪ್ರಶ್ನೆ ಹಾಕಲಿಲ್ಲ. ಅರವತ್ತಾರು ವಯಸ್ಸಿನವನು ಕೈ ನಡುಗಿತು ಅಂದರೆ ಲೋಕ ತಕ್ಷಣ ಒಪ್ಪಿಕೊಳ್ಳುತ್ತದೆ.

ನೀನೂ ಒಪ್ಪಿಕೊಂಡೆಯಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಮನೆಯಲ್ಲಿ ಗಡ್ಡ ಬೋಳಿಸಿಕೊಳ್ಳುವುದನ್ನು ಬಿಟ್ಟು ಸಲೂನಿಗೆ ಹೋಗತೊಡಗಿದೆ. ಕಾಫಿ ಲೋಟಕ್ಕೆ ಎರಡು ಕೈ ಹಚ್ಚಿದೆ. ಮೊಮ್ಮಗಳನ್ನು ಎತ್ತಿಕೋ ಅಂದರೆ, "ಬೇಡಮ್ಮ, ಬೀಳಿಸ್ಬಿಡ್ತೀನಿ" ಅಂದೆ. ದೀಪಾವಳಿಯ ದಿನ ಪೂಜೆ ಮುಗಿಸಿ ಬಂದು ನನ್ನೆದುರು ಕುಳಿತಾಗ ನಿನ್ನ ಹಣೆ ನೋಡಿದೆ. ವಿಭೂತಿಯ ಮೂರೂ ಗೆರೆ ಈ ಕಿವಿಯಿಂದ ಆ ಕಿವಿಯವರೆಗೆ ಸ್ಕೇಲ್ ಇಟ್ಟು ಎಳೆದ ಹಾಗಿದ್ದವು. ನಡುಗುವ ಕೈ ಎಳೆಯುವ ಗೆರೆ ಹಾಗಿರುವುದಿಲ್ಲ. ಬಿದ್ದ ಮೇಲೆ ನೀನು ನಮ್ಮ ಪೋರ್ಟಿಕೋಗೆ ಸಾಗಿಸಿಬಿಟ್ಟಿದ್ದ ಗಾಡಿಯ ಹೊದಿಕೆಯನ್ನು ಮರುದಿನವೇ ತೆಗೆದೆ.

ಬಿ.ಟಿ.ಎಂ. ಲೇಔಟಿನಿಂದ ನಿನ್ನ ಗೆಳೆಯ ಹನಮಂತನನ್ನು ಕರೆಸಿದೆ. ಸ್ಟಾರ್ಟ್ ಆಗುವ ಹಾಗೆ ಅವನು ಮಾಡಿದ, ಓಡಿಸಿದ್ದು ನಾನು. ಬನಶಂಕರಿಯ ಬಯಲಿನಲ್ಲಿ ಅಪ್ಪ ನಮ್ಮಿಬ್ಬರಿಗೂ ಇದೇ ಗಾಡಿಯಲ್ಲಿ ಕಲಿಸಿದ್ದು ನಿನಗೆ ಮರೆತಿರಲಾರದು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ನನ್ನ ಕಾಲಿಗೂ ಮರೆತಿರಲಿಲ್ಲ. ಕನಕಪುರ ರಸ್ತೆಯ ಕಡೆಯಿಂದ ನೈಸ್ ರಸ್ತೆ ಹತ್ತಿದೆ. ಗಂಟೆಗೆ ಮೂವತ್ತು ಮೈಲಿ ವೇಗದವರೆಗೆ ಗಾಡಿ ಮಗುವಿನಂತೆ ಬಂತು. ಮೀಟರಿನ ಮುಳ್ಳು ಮೂವತ್ತೈದು ಮುಟ್ಟಿದ್ದೇ ತಡ, ಹ್ಯಾಂಡಲ್ ಅಲುಗಲು ಶುರುವಾಗಿ, ಭುಜದವರೆಗೆ ಅದುರಿ, ನನ್ನ ಬಾಯಿಂದ ಶಿವಶಿವಾ ಎಂದು ಬಂತು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ಬದಿಗೆ ನಿಲ್ಲಿಸಿದೆ. ಆಮೇಲೆ, ಕಾರಿನಲ್ಲಿ ಹಿಂದೆಯೇ ಬಂದಿದ್ದ ಹನಮಂತ ಓಡಿಸಿದ. ಅದೇ ವೇಗ, ಅದೇ ನಡುಕ. ಇಳಿದು ಹೆಲ್ಮೆಟ್ ತೆಗೆದು, "ಶ್ರೀದೇವಮ್ಮ, ಇದೇನು ಗಾಡಿನಾ, ಮೈಮೇಲೆ ದೇವ್ರು ಬಂದಿರೋ ಕೋಣನಾ?" ಅಂದ. ಅಣ್ಣ, ನಿನ್ನ ಕೈ, ನನ್ನ ಕೈ, ಹನಮಂತನ ಕೈ, ಮೂರೂ ಮೂವತ್ತೈದು ಮೈಲಿಗೇ ನಡುಗುವುದುಂಟೇ? ನಡುಗಿದ್ದು ಹ್ಯಾಂಡಲ್. ಅದು ನಮ್ಮ ಕೈಗಳನ್ನು ನಡುಗಿಸಿತು.

ಇಷ್ಟೇ ಹೇಳಿದರೆ ನೀನು ನಂಬುವುದಿಲ್ಲ. ಗಾಡಿ ಬಿದ್ದ ಮೇಲೆ ಕೆಟ್ಟಿರಬಹುದು ಅನ್ನುತ್ತೀಯ. ನಾನೂ ಹಾಗೇ ಯೋಚಿಸಿದೆ. ಆದ್ದರಿಂದ ಒಂದೊಂದೇ ಭಾಗ ನೋಡುವುದು, ಒಂದು ಸಲಕ್ಕೆ ಒಂದನ್ನೇ ಸರಿಮಾಡುವುದು, ಪ್ರತಿ ಸಲವೂ ಅದೇ ರಸ್ತೆಯಲ್ಲಿ ಓಡಿಸುವುದು ಎಂದು ತೀರ್ಮಾನಿಸಿದೆವು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಕಾರಣ ಸಿಗುವುದಿಲ್ಲ. ನನಗೆ ಬೇಕಿದ್ದದ್ದು ಕಾರಣ.

ಮೊದಲು ಕಣ್ಣಿಗೆ ಬಿದ್ದದ್ದು ಹ್ಯಾಂಡಲ್ ನಡುವಿನ ಕಪ್ಪು ನಾಬ್. ಹ್ಯಾಂಡಲ್ ತಿರುಗುವುದನ್ನು ಬಿಗಿಹಿಡಿಯುವ ಡ್ಯಾಂಪರ್. ಅದನ್ನು ನೀನು ಪೂರ್ತಿ ತಿರುಗಿಸಿ ಕಚ್ಚಿಸಿದ್ದೆ. ಅಂದರೆ ಬೇಗೂರಿಗೆ ಹೊರಡುವ ಮೊದಲೇ ನಿನಗೆ ನಡುಕ ಗೊತ್ತಾಗಿತ್ತು. ಬಿಗಿಮಾಡಿ ಅಡಗಿಸಲು ನೋಡಿದ್ದೀಯ. ಅಪ್ಪ ಅದನ್ನು ಸದಾ ಸಡಿಲವಾಗಿ ಬಿಡುತ್ತಿದ್ದರು. "ಗಾಡಿ ತಲೆ ಆಡಿಸ್ತಿದೆ ಅಂದ್ರೆ ಏನೋ ಹೇಳ್ತಿದೆ ಅಂತ ಅರ್ಥ. ಬಾಯಿ ಮುಚ್ಚಿಸ್ಬೇಡಿ" ಅನ್ನುತ್ತಿದ್ದರು. ನಾಬ್ ಸಡಿಲ ಮಾಡಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿದೆವು. ಆಗ ಹ್ಯಾಂಡಲ್ ಬೆರಳು ತಾಗಿಸಿದರೂ ಎರಡು ಕಡೆಗೂ ಜಾರಿ ಬೀಳಬೇಕು. ನಮ್ಮದು ನಟ್ಟನಡುವೆ ಬಂದು ಟಕ್ಕನೆ ನಿಂತಿತು. ಹ್ಯಾಂಡಲ್ ತಿರುಗುವ ಬೇರಿಂಗನ್ನು, ಅಂದರೆ ಕೋನ್‌ಸೆಟ್ಟನ್ನು, ಬಿಚ್ಚಿದರೆ ಗುಂಡುಗಳು ಕೂತಲ್ಲೇ ಕೂತು ಬಟ್ಟಲಿನಲ್ಲಿ ಕುಳಿ ಮಾಡಿದ್ದವು. ಆ ಕುಳಿಗಳಲ್ಲಿ ಹಳೆಯ ಗ್ರೀಸು ಕಲ್ಲಾಗಿತ್ತು. ಅದು ಒಂದೆರಡು ತಿಂಗಳಲ್ಲಿ, ಒಂದು ಸಲ ಬಿದ್ದದ್ದರಿಂದ ಆಗುವಂಥದ್ದಲ್ಲ. ಹೊಸ ಕೋನ್‌ಸೆಟ್ ಹಾಕಿ ಓಡಿಸಿದೆ. ನಡುಕ ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ಟೈರು. ಇದರಲ್ಲಿ ನಿನ್ನ ಶೋಕಿಯೇ ಕಾರಣ ಎಂದು ಹೇಳಲು ನನಗೆ ಸಂಕೋಚವಿಲ್ಲ. ಮುಂದಿನದು ಹನ್ನೆರಡು ವರ್ಷದ ಹಿಂದಿನದು. ಗೆರೆಗಳು ಸವೆದಿಲ್ಲ ಎಂದು ಇಟ್ಟುಕೊಂಡೆ. ಗೆರೆ ಇತ್ತು, ರಬ್ಬರ್ ಇರಲಿಲ್ಲ. ಉಗುರು ಒತ್ತಿದರೆ ಮರದ ಹಲಗೆಯ ಹಾಗೆ. ಹಿಂದಿನದಕ್ಕೆ ಈ ಕಾಲದ ಗಾಡಿಗಳ ದಪ್ಪ ಟೈರು ಹಾಕಿಸಿದೆ. ಅಪ್ಪನ ಗಾಡಿಯ ಕಿರಿದಾದ ರಿಮ್ಮಿಗೆ ಅದು ಕೂತಾಗ ಎರಡೂ ಅಂಚು ಒಳಕ್ಕೆ ಹಿಸುಕಿಕೊಂಡು ನಡುಭಾಗ ಗೂನಿನ ಹಾಗೆ ಉಬ್ಬಿತ್ತು. ಗಾಡಿ ಹಗ್ಗದ ಮೇಲೆ ನಡೆದ ಹಾಗೆ ಓಡಬೇಕು, ಇನ್ನೇನು. "ಹಿಂದಿನಿಂದ ನೋಡಿದ್ರೆ ಗತ್ತಾಗಿರ್ಬೇಕು ಅಂತ ವಿಜಯ ಹಾಕ್ಸಿದ್ದು. ಹಿಂದಿನಿಂದ ನೋಡೋರು ಯಾರು, ಬಿ.ಎಂ.ಟಿ.ಸಿ. ಡ್ರೈವರ್ರಾ?" ಎಂದು ಹನಮಂತ ನಕ್ಕದ್ದನ್ನು ನಿನಗೆ ಯಥಾವತ್ತು ತಿಳಿಸುತ್ತಿದ್ದೇನೆ.

ಜೆ.ಸಿ. ರಸ್ತೆಗೆ ನಾನೇ ಹೋದೆ. ಅಂಗಡಿಯವನು ಮತ್ತೆ ದಪ್ಪ ಟೈರನ್ನೇ ಉರುಳಿಸಿಕೊಂಡು ಬಂದು, "ಸಖತ್ ಗ್ರಿಪ್ ಮೇಡಂ, ಕಣ್ಮುಚ್ಕೊಂಡು ಹಾಕ್ಸಿ" ಅಂದ. "ಹಿಂದಿನ್ಸಲ ಕಣ್ಮುಚ್ಕೊಂಡೇ ಹಾಕ್ಸಿದ್ದಪ್ಪಾ, ಅದಕ್ಕೇ ಈಗ ಕನ್ನಡಕ ಹಾಕ್ಕೊಂಡು ಬಂದಿದೀನಿ" ಅಂದೆ. ಮುಂದಕ್ಕೆ ಮೂರೂಕಾಲು ಇಂಚಿನ, ಉದ್ದುದ್ದ ಗೆರೆಯ ಟೈರು. ಹಿಂದಕ್ಕೆ ಮೂರೂವರೆಯದು, ಬಿಲ್ಲೆ ಬಿಲ್ಲೆಯ ಅಚ್ಚು. ಎರಡೂ ಒಂದೇ ಕಂಪನಿಯವು, ಎರಡೂ ಇದೇ ವರ್ಷ ತಯಾರಾದವು. ಟೈರಿನ ಮೈಮೇಲಿನ ಅಂಕಿ ಓದಿಯೇ ಕೊಂಡೆ. ಪಂಕ್ಚರ್ ಅಂಗಡಿಯಲ್ಲಿ ಕೂರಿಸಿದ ಮೇಲೆ ರಿಮ್ಮಿನ ಪಕ್ಕದ ತೆಳು ಗೆರೆ ಒಂದು ಕಡೆ ಕಾಣುತ್ತಿತ್ತು, ಇನ್ನೊಂದು ಕಡೆ ಮುಳುಗಿತ್ತು, ಅಂದರೆ ಟೈರು ಓರೆಯಾಗಿ ಕೂತಿತ್ತು. ಗಾಳಿ ಬಿಟ್ಟು, ಸೋಪಿನ ನೀರು ಸವರಿ, ಮತ್ತೆ ಗಾಳಿ ತುಂಬಿಸಿದೆ. ಗೆರೆ ಸುತ್ತಲೂ ಸಮ ಬರುವವರೆಗೆ ಅಲ್ಲಿಂದ ಕದಲಲಿಲ್ಲ. ಈ ಸಲ ನಲವತ್ತು ಮೈಲಿಯವರೆಗೆ ಗಾಡಿ ನೆಟ್ಟಗೆ ಬಂತು. ಅದರಾಚೆ ಹಿಂಭಾಗ ಮೆಲ್ಲಗೆ ಬಾಲ ಆಡಿಸುತ್ತಿತ್ತು.

ಇಲ್ಲಿ ಅತ್ತಿಗೆಯ ಪ್ರವೇಶ. ಅವರು ಮಂಗಳವಾರಗಳಂದು ವಚನ ಗಾಯನದ ಕ್ಲಾಸಿಗೆ ಎಂದು ನಿನಗೆ ಹೇಳಿ ಬಂದದ್ದು ನಮ್ಮ ಮನೆಗೆ. ಬೈಯಬೇಡ. ನಾನು ಫೋನ್ ಮಾಡಿ ವಿಷಯ ಹೇಳಿದಾಗ, "ಅವರಿಗೆ ಹೇಳ್ಬೇಡ ಕಣೇ, ಎಲ್ಲ ಗೊತ್ತಾಗೋವರೆಗೂ" ಎಂದವರು ಅವರೇ. ಹಿಂದಿನ ಚಕ್ರಕ್ಕೆ ಟ್ವೈನ್ ದಾರ ಸುತ್ತಿ, ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ಎಳೆದು ಹಿಡಿದೆವು. ಎಡದ ದಾರದ ತುದಿ ಅತ್ತಿಗೆಯ ಕೈಯಲ್ಲಿ, ಬಲದ್ದು ನನ್ನ ಕೈಯಲ್ಲಿ. ಮುಂದಿನ ಚಕ್ರ ಎರಡೂ ದಾರದಿಂದ ಒಂದೇ ಅಂತರದಲ್ಲಿರಬೇಕು. ಇರಲಿಲ್ಲ. ಹಿಂದಿನ ಚಕ್ರ ಬಲಕ್ಕೆ ಸರಿದಿತ್ತು. ಚೈನು ಒಂದೇ ಬದಿಗೆ ಸವೆದದ್ದು ಯಾಕೆಂದು ಹನಮಂತನಿಗೆ ಆಗ ಹೊಳೆಯಿತು.

ಚಕ್ರ ಬಿಚ್ಚಿದೆವು. ಎಡಗಡೆ ಚಕ್ರವನ್ನು ಹಿಡಿದಿರುವ ಫೋರ್ಕಿಗೂ ಚಕ್ರಕ್ಕೂ ನಡುವೆ ಒಂದು ದಪ್ಪ ಕಬ್ಬಿಣದ ಪಟ್ಟಿ. ಸೀರೆ ಗಾರ್ಡಿನ ಪಟ್ಟಿ.

ಅತ್ತಿಗೆ ಅಲ್ಲೇ ಕುಳಿತುಬಿಟ್ಟರು. ಶ್ರಾವಣಕ್ಕೆ ಮೊದಲು ಅವರು ನಿನಗೆ, "ರೇಷ್ಮೆ ಸೀರೆ ಉಟ್ಕೊಂಡು ಗುಡಿಗೆ ಹೋಗ್ಬೇಕು, ಚಕ್ರಕ್ಕೆ ಸಿಕ್ಕಿದ್ರೆ ಏನ್ ಗತಿ?" ಎಂದಿದ್ದರಂತೆ. ಇಂಗ್ಲೆಂಡಿನಲ್ಲಿ ತಯಾರಾದ ಗಾಡಿಗೆ ಸೀರೆ ಗಾರ್ಡ್ ಎಲ್ಲಿಂದ ಬರಬೇಕು? ನೀನು ನಮ್ಮೂರಿನ ಯಾವುದೋ ಗಾಡಿಯ ಗಾರ್ಡ್ ತಂದು ಜೋಡಿಸಿದೆ. ಫೋರ್ಕಿನ ಹೊರಗೆ ಇಟ್ಟರೆ ಆಕ್ಸಲ್ಲಿನ ನಟ್ಟಿಗೆ ಹಿಡಿತ ಸಿಗುತ್ತಿರಲಿಲ್ಲ, ಅದಕ್ಕೆ ಒಳಗೆ ತೂರಿಸಿದೆ. ಜಾಗ ಸಾಲದ್ದಕ್ಕೆ ಬಲಗಡೆ ಚಕ್ರದ ಅಂತರ ಕಾಯುವ ಲೋಹದ ಬಳೆ, ಬುಷ್ಷನ್ನು, ಅಷ್ಟೇ ದಪ್ಪಕ್ಕೆ ಅರದಿಂದ ಉಜ್ಜಿ ಇಳಿಸಿದೆ. ಚಕ್ರ ಬಲಕ್ಕೆ ಹೋಯಿತು. ಹೆಂಡತಿಯ ಸೀರೆ ಉಳಿಸಲು ಗಾಡಿಯ ಸೊಂಟ ತಿರುಚಿದೆ.

ಆ ಬುಷ್ ಈಗ ನನ್ನ ಮೇಜಿನ ಮೇಲಿದೆ. ಹನಮಂತ ಅದನ್ನು ಗಾಜಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದ. ಕೈಯಲ್ಲಿ ಅರ ಹಿಡಿದು ಉಜ್ಜಿದ ಮುಖ, ಆದರೂ ಗಾಜಿಗೂ ಅದಕ್ಕೂ ನಡುವೆ ಬೆಳಕಿನ ಎಳೆಯೂ ತೂರಲಿಲ್ಲ. "ಲೇತಲ್ಲಿ ಮಾಡ್ಸಿದ್ರೂ ಇಷ್ಟು ಚೆನ್ನಾಗ್ ಬರಲ್ಲ ಗುರು" ಅಂದ. ಇದನ್ನು ನೀನು ಮಾಡಿದ್ದು ಬೀಳುವುದಕ್ಕೆ ಕೆಲವೇ ದಿನ ಮುಂಚೆ. ಅಷ್ಟು ಸಮವಾಗಿ ಅರ ಹಿಡಿದ ಕೈ ಒಂದು ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಮುದಿಯಾಗುವುದಿಲ್ಲ. ನಿನ್ನ ಕೈ ತಪ್ಪು ಮಾಡಲಿಲ್ಲ, ಅಣ್ಣ. ತಪ್ಪು ಮಾಡಿದ್ದು ನಿನ್ನ ತಲೆ. ತಲೆಯ ತಪ್ಪಿಗೆ ಕೈಯನ್ನು ನಾಲ್ಕು ತಿಂಗಳು ಶಿಕ್ಷೆಗೆ ಗುರಿಮಾಡಿದ್ದೀಯ.

ಹೊಸ ಬುಷ್ ಮಾಡಿಸಿ, ಪಟ್ಟಿ ತೆಗೆದು, ದಾರ ಹಿಡಿದು ಮತ್ತೆ ನೋಡಿದೆವು. ಎರಡೂ ಬದಿ ಸಮ. ಮೊನ್ನೆ ಬೆಳಿಗ್ಗೆ ಅದೇ ರಸ್ತೆಯಲ್ಲಿ ನಲವತ್ತೈದು ಮೈಲಿಯವರೆಗೆ ಒಯ್ದೆ. ಡ್ಯಾಂಪರ್ ಪೂರ್ತಿ ಸಡಿಲ. ಒಂದು ಕೈಯ ಹಿಡಿತವನ್ನು ಕೊಂಚ ಸಡಿಲಿಸಿದೆ. ಹ್ಯಾಂಡಲ್ ತಾನು ಇದ್ದಲ್ಲೇ ಇತ್ತು. ವಾಪಸ್ ಬರುವಾಗ, ಹನಮಂತನ ಜೊತೆ ಕಾರಿನಲ್ಲಿ ಬಂದಿದ್ದ ಅತ್ತಿಗೆ ನನ್ನ ಹಿಂದೆ ಇದ್ದರು. ಅವರೇ ಹತ್ತಿ ಕುಳಿತರು, ನಾನು ಕರೆಯಲಿಲ್ಲ. ಗಾರ್ಡ್ ಇಲ್ಲವಲ್ಲ ಅತ್ತಿಗೆ ಅಂದರೆ, "ಅದಕ್ಕೇ ಚೂಡಿದಾರ್ ಹಾಕ್ಕೊಂಡ್ ಬಂದಿರೋದು. ನಾಗೇಶ್ವರ ಸೀರೆನೇ ಬೇಕು ಅಂತ ಕೇಳಿದ್ನಾ?" ಅಂದರು. ಮನೆ ಮುಟ್ಟಿದ ಮೇಲೆ ಇನ್ನೊಂದು ಮಾತು ಹೇಳಿದರು, ಅದನ್ನು ನಿನಗೆ ತಲುಪಿಸಬೇಕು ಎಂದೂ ಹೇಳಿದರು: "ಮಣಿಕಟ್ಟು ಮುರಿದಿದ್ದು ನಂದು. ನಾನು ಮತ್ತೆ ಹತ್ತಿದೆ. ಅವರು ಯಾವಾಗ ಹತ್ತಾರೆ ಕೇಳು."

ಕೇಳಿದ್ದೇನೆ. ಭಾನುವಾರ ಹನ್ನೊಂದಕ್ಕೆ ಅನಂತಪದ್ಮನಾಭ ಅವರು ಬರುತ್ತಾರೆ. ನೀನು ಏಳಕ್ಕೆ ಬಾ. ಕೀಲಿ ಕೊಡುತ್ತೇನೆ, ಏನೂ ಮಾತಾಡುವುದಿಲ್ಲ. ಬೇಗೂರಿಗೆ ಹೋಗಿ ಬರಲು ಧಾರಾಳ ಸಮಯವಿದೆ. ಬಂದ ಮೇಲೂ ಮಾರಬೇಕು ಅನ್ನಿಸಿದರೆ ಮಾರು. ಜಾಗವಿಲ್ಲ ಎಂದು ಮಾರು, ಪೆಟ್ರೋಲು ದುಬಾರಿ ಎಂದು ಮಾರು, ಬೇಸರ ಬಂತು ಎಂದು ಮಾರು. ಅನಂತಪದ್ಮನಾಭ ಅವರಿಗೆ ನಾನೇ ಕಾಫಿ ಕೊಟ್ಟು ಕಳಿಸುತ್ತೇನೆ. ಕೈ ನಡುಗುತ್ತದೆ ಎಂದು ಮಾತ್ರ ಸಹಿ ಹಾಕಬೇಡ. ಸುಳ್ಳಿನ ಕೆಳಗೆ ನಿನ್ನ ರುಜು ಬೀಳುವುದನ್ನು ನಾನು ನೋಡಲಾರೆ.

ನಿನ್ನ ಮುಂದೆ ಇನ್ನೂ ಬಹಳ ದಾರಿಯಿರಲಿ, ಶಿವ ಅದನ್ನು ನೆಟ್ಟಗಿಟ್ಟಿರಲಿ.

ನಿನ್ನ ಕೈಗಳ ಬಗ್ಗೆ ನಿನಗಿಂತ ಖಚಿತವಾಗಿ ಹೇಳಬಲ್ಲ ತಂಗಿ,
ಶ್ರೀದೇವಿ