ಗುಂಡಿ ತೋಡಿದ ಅಳಿಯ

ದಕ್ಷಿಣೇಶ್ವರ, ಕೋಲ್ಕತ್ತಾ
೩ ಜೂನ್ ೨೦೨೫

ಮುದ್ದಿನ ಪೂರ್ವಿಗೆ ಅವ್ವನ ಆಶೀರ್ವಾದ.

ಹೇಗಿದ್ದೀ ಮಗಳೇ? ಸಿಲಿಗುರಿಯ ಮಳೆಗೆ ಹತ್ತಿದ ಕೆಮ್ಮು ಇಳಿಯಿತೇ? ಶುಂಠಿ ಕಷಾಯ ಬಿಡಬೇಡ. ಫೋನು ಕೈಯಲ್ಲೇ ಇದೆ, ಮಾತಾಡಲು ಮುಖವಿಲ್ಲ. ಅದಕ್ಕೇ ಈ ಕಾಗದ. ಕನ್ನಡ ಓದುವುದು ನಿನಗೆ ನಿಧಾನ. ನಿಧಾನವಾಗಿಯೇ ಓದು, ನನ್ನ ಮರ್ಯಾದೆ ಅಷ್ಟು ಹೊತ್ತಾದರೂ ಉಳಿಯಲಿ.

ಹಿತ್ತಿಲಲ್ಲಿ ಮಾವಿನ ಗಿಡ ಹಚ್ಚುವ ವಿಷಯಕ್ಕೆ ನನಗೂ ನಿಮ್ಮಪ್ಪನಿಗೂ ಜಗಳ ನಡೆದೇ ಇತ್ತು. ನಲ್ಲಿಕಟ್ಟೆಗೂ ಗೋಡೆಗೂ ನಡುವೆ ಇರುವುದೇ ಒಂದು ಮಂಚದಷ್ಟು ಜಾಗ. ಅವರಿಗೆ ಧಾರವಾಡದ ಆಪೂಸೇ ಆಗಬೇಕು. ಇಲ್ಲಿಯ ಹವೆಗೆ ಅದು ಎಲೆ ಬಿಟ್ಟೀತು, ಕಾಯಿ ಬಿಡುವುದು ಅನುಮಾನ ಎಂದು ನರ್ಸರಿಯವನು ಹೇಳಿದರೂ ಕೇಳಲಿಲ್ಲ. ನನಗೆ ಆಮ್ರಪಾಲಿ; ಗಿಡ್ಡ ಜಾತಿ, ಪಕ್ಕದವರ ಗೋಡೆ ದಾಟುವುದಿಲ್ಲ. ಇಬ್ಬರೂ ಸೋಲಲಿಲ್ಲ. ಗುಂಡಿಯಾದರೂ ತೋಡಿಡೋಣ ಎಂದು ಭಾನುವಾರ ಹೊರಟಾಗ ನಿನ್ನ ಗಂಡ ಸೌಗತ ಬಂದ.

ಮರುದಿನ ಇಲ್ಲಿ ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಕೆಲಸವಿದೆಯೆಂದು ನೀನು ಹೇಳಿದ್ದೆ, ಅದಕ್ಕೇ ಬಂದಿದ್ದಾನೆ ಅಂದುಕೊಂಡೆ. ಇಸ್ತ್ರಿ ಮುರಿಯದ ಹೊಸ ಜುಬ್ಬ, ಕೈಯಲ್ಲಿ ಸಂದೇಶ್ ಮಿಠಾಯಿಯ ಡಬ್ಬಿ, ನನಗೊಂದು ಸೀರೆ. ಅಷ್ಟು ಕಂಡರೂ ನನಗೆ ಹೊಳೆಯಲಿಲ್ಲ. "ಛಲೋ ಹೊತ್ತಿಗೆ ಬಂದಾನ ನೋಡ, ಗುದ್ದಲಿ ಕೊಡು" ಎಂದರು ನಿಮ್ಮಪ್ಪ. ನಾನೇ ಕೊಟ್ಟೆ. ಅವನು ತೋಳು ಮಡಚಿ ಮೊಣಕಾಲಾಳ ತೋಡಿದ. ಒಗ್ಗರಣೆ ಅವಲಕ್ಕಿ, ಚಹಾ ಕೊಟ್ಟೆ. ಚೆನ್ನಾಗಿದೆ ಎಂದು ತಿಂದು, ಜುಬ್ಬದ ಮಣ್ಣು ಕೊಡವಿಕೊಂಡು ಹೋದ.

ಆಮೇಲೆ ಪಕ್ಕದ ಮನೆಯ ಬೌದಿ ಗೋಡೆಯಾಚೆಯಿಂದ ಕೇಳಿದರು, ಜಾಮಾಯ್ ಷಷ್ಠಿಗೆ ಅಳಿಯನಿಗೆ ಏನೇನು ಮಾಡಿದಿರಿ ಎಂದು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ದಿನ ಅಳಿಯನನ್ನು ಕೂರಿಸಿ, ಬೀಸಣಿಗೆ ಬೀಸಿ, ಮಾವಿನಹಣ್ಣು ತಿನ್ನಿಸುವುದನ್ನು ಇಷ್ಟು ವರ್ಷ ಮನೆಮನೆಯಲ್ಲಿ ನೋಡಿದವಳು ನಾನು. ನಮ್ಮಲ್ಲಿ ಅಳಿಯನ ಉಪಚಾರ ದೀಪಾವಳಿಗೆ, ಇದು ಅವರ ಹಬ್ಬ ಎಂದೇ ಇದ್ದೆ. ನನಗೂ ಒಬ್ಬ ಬಂಗಾಳಿ ಅಳಿಯನಿದ್ದಾನೆ ಎಂಬುದು ಮನಸ್ಸಿಗೆ ಇಳಿದಿರಲೇ ಇಲ್ಲವೇನೋ. ಅವನಿಗೆ ಇದು ಮೊದಲ ಷಷ್ಠಿ. ನಾಚಿಕೆಗೆ ಬೌದಿಯ ಹತ್ತಿರ ಹೋಳಿಗೆ ಮಾಡಿದ್ದೆ ಎಂದು ಸುಳ್ಳು ಹೇಳಿದೆ. ಅವನು ಅಗೆಯುವುದನ್ನು ಅವರು ನೋಡಿದ್ದರಂತೆ.

ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ. ನಿಮ್ಮಪ್ಪ ಹಿತ್ತಿಲ ಕಡೆಗೇ ಹೋಗುತ್ತಿಲ್ಲ. ಇಬ್ಬರೂ ಮೈ ಜೋಪಾನ ಮಾಡಿಕೊಳ್ಳಿ, ನೂರು ವರ್ಷ ಚೆನ್ನಾಗಿರಿ.

ಇಂತಿ ನಿನ್ನ ಅವ್ವ,
ಗಿರಿಜಾ

ತಾ.ಕ.: ಗುಂಡಿ ಇನ್ನೂ ಖಾಲಿ ಇದೆ. ಆಪೂಸೂ ಬೇಡ, ಆಮ್ರಪಾಲಿಯೂ ಬೇಡ ಎಂದು ನಿಮ್ಮಪ್ಪನೇ ಹೇಳಿದರು. ಸೌಗತನಿಗೆ ಯಾವ ಮಾವು ಇಷ್ಟ? ನಮಗಿಬ್ಬರಿಗೂ ಗೊತ್ತಿಲ್ಲ, ಒಂದು ದಿನವೂ ಕೇಳಿಲ್ಲ. ನೀನು ಹೇಳಬೇಡ. ಅವನಿಗೇ ಫೋನು ಮಾಡಿ ಕೇಳುತ್ತೇನೆ.