ಇನ್ನು ನಿನಗೆ ಕಾಣುವುದಿಲ್ಲ

ಮಹಡಿ ಮನೆ, ಕಿಟಕಿ ಪಕ್ಕದ ಮೇಜು
ಬುಧವಾರ, ತಾರೀಖು ಹದಿನಾಲ್ಕು, ತಿಂಡಿ ಮುಗಿದ ಮೇಲೆ

ಪ್ರೀತಿಯ ಪುಟ್ಟು,

ನಲವತ್ತು ದಾಟಿದವನನ್ನು ಪುಟ್ಟು ಎಂದು ಕರೆದರೆ ನಿನಗೆ ಹಿಡಿಸುವುದಿಲ್ಲವೆಂದು ಗೊತ್ತು. ಆದರೆ ಸದ್ಯಕ್ಕೆ ಅದಕ್ಕಿಂತ ದೊಡ್ಡ ಹೆಸರು ನಿನಗೆ ಹೊಂದುವುದಿಲ್ಲ. ಹೊಟ್ಟೆ ಹೇಗಿದೆ? ಬಂದರಿನ ಕ್ಯಾಂಪಿನ ಆ ಅಡುಗೆಯವನು ಇನ್ನೂ ಎಲ್ಲವನ್ನೂ ಎಣ್ಣೆಯಲ್ಲಿ ಮುಳುಗಿಸಿಯೇ ಬಡಿಸುತ್ತಾನೋ? ಬಿಸಿಲಿಗೆ ನಿಂತರೆ ನಿನಗೆ ತಲೆನೋವು ಬರುತ್ತದೆ, ಕ್ರೇನುಗಳ ಹತ್ತಿರ ಓಡಾಡುವಾಗ ನೀರಿನ ಬಾಟಲಿ ಕೈಯಲ್ಲಿರಲಿ. ನಾನು ಚೆನ್ನಾಗಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಎದುರು ಮನೆಯವರು ಹಗ್ಗಕ್ಕೆ ಸಿಕ್ಕಿಸಿದ ಬಟ್ಟೆ ಕ್ಲಿಪ್ಪುಗಳೂ ಒಂದೊಂದಾಗಿ ಕಾಣುತ್ತಿವೆ. ಕಾಣಬಾರದೆಂದು ನಾನಾಗಿಯೇ ಬಿಟ್ಟಿದ್ದ ಇನ್ನೂ ಕೆಲವು ಕಂಡಿವೆ. ಅದಕ್ಕೇ ಈ ಪತ್ರ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಿನ ಮಧ್ಯೆ ಬಾಯಿ ಹಾಕುತ್ತೀಯ, ದನಿ ಏರಿಸುತ್ತೀಯ, ಆಮೇಲೆ ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಅದ್ಯಾವುದೂ ನಡೆಯುವುದಿಲ್ಲ. ಇದನ್ನು ನಾನೇ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ನಮ್ಮ ಭಾಷೆಯಲ್ಲೇ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದೇನೆ. ಯಾವ ಕಂಪ್ಯೂಟರನ್ನು ನೀನು "ಸತ್ತ ಹೆಣ, ಅಮ್ಮ, ನಾನು ಮುಟ್ಟಿದ್ರೆ ಮಾತ್ರ ಉಸಿರಾಡತ್ತೆ" ಎನ್ನುತ್ತಿದ್ದೆಯೋ, ಅದೇ.

ಅದರ ಸ್ಥಿತಿ ನಿನಗೆ ಗೊತ್ತೇ ಇತ್ತು. ಬೆಳಿಗ್ಗೆ ಸ್ವಿಚ್ ಹಾಕಿ, ಪಾತ್ರೆ ತೊಳೆದು, ಗಿಡಕ್ಕೆ ನೀರು ಹಾಕಿ ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರಲಿಲ್ಲ. ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ನಿನ್ನ ಹೆಂಡತಿ, ನಮ್ಮ ಹುಡುಗಿ, ಅಚ್ಚಿನ ಮನೆಯಿಂದ ಬಂದ ಪುಸ್ತಕದ ಕರಡು ತಿದ್ದಲು ಕೂತರೆ, ಪರದೆಯ ಮೇಲಿನ ಬಾಣದ ಗುರುತು ತನ್ನಷ್ಟಕ್ಕೆ ತಾನೇ ಓಡಾಡುತ್ತಿತ್ತು. ನಿನಗೆ ಹೇಳಿದರೆ "ವೈರಸ್ಸು, ಕಂಡಕಂಡದ್ದು ಒತ್ತಿರ್ತಾಳೆ" ಎಂದು ಅವಳ ಮೇಲೇ ಹಾಕಿದೆ. ಅಂಗಡಿಗೆ ಒಯ್ಯುತ್ತೇನೆಂದರೆ ಬೇಡ. ಯಾರನ್ನಾದರೂ ಕರೆಸುತ್ತೇನೆಂದರೆ ಅದೂ ಬೇಡ. "ಯಾರ ಕೈಗೂ ಕೊಡಬೇಡಿ, ನಾನು ಇಲ್ಲಿಂದಲೇ ನೋಡ್ಕೋತೀನಿ." ನೋಡಿಕೊಳ್ಳುತ್ತೇನೆ ಎಂಬ ಮಾತನ್ನು ನಾವು ಮೂರ್ಖರು ಬೇರೆ ಅರ್ಥದಲ್ಲಿ ತೆಗೆದುಕೊಂಡಿದ್ದೆವು.

ಅವಳು ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬೇರೆ ಊರು, ಕೂತು ಮಾಡುವ ಕೆಲಸ, ಸಹಾಯಕ ಸಂಪಾದಕಿ. ನಿನಗೆ ಹೇಳಿರಲಿಲ್ಲ. ನನಗೆ ಹೇಳಿದ್ದಳು. ಸಂದರ್ಶನದ ಕರೆ ಬರುತ್ತದೆಂದು ದಿನವೂ ಮೇಲ್ ತೆರೆದು ನೋಡುವಳು, ಮುಖ ಸಣ್ಣದು ಮಾಡಿಕೊಂಡು ಎದ್ದು ಬರುವಳು. ಕಾದು ಕಾದು ಕೊನೆಗೆ ಧೈರ್ಯ ಮಾಡಿ ಪ್ರೆಸ್ಸಿಗೆ ಫೋನು ಹಚ್ಚಿದಳು. ಅಲ್ಲಿಯ ಮ್ಯಾನೇಜರಮ್ಮ, "ನಾವು ಕರೆದಿದ್ವಲ್ಲಮ್ಮ, ನೀವೇ ಬರಕ್ಕಾಗಲ್ಲ ಅಂತ ಬರೆದ್ರಿ" ಎಂದರಂತೆ. ಹುಡುಗಿ ಫೋನು ಹಿಡಿದುಕೊಂಡೇ ಗೋಡೆಗೆ ಒರಗಿದಳು. ಆ ಉತ್ತರವನ್ನು ಅವರು ಅವಳಿಗೇ ತಿರುಗಿ ಕಳಿಸಿದರು. ಅವಳ ಹೆಸರಿನಿಂದ, ಅವಳ ವಿಳಾಸದಿಂದ ಹೋಗಿತ್ತು. ಅವರು ಕಳಿಸಿದ್ದ ಕರೆ ಮಾತ್ರ ಅವಳ ಮೇಲ್‌ನಲ್ಲಿ ಎಲ್ಲೂ ಉಳಿದಿರಲಿಲ್ಲ. ಮನೆಯ ಪರಿಸ್ಥಿತಿಯಿಂದ ಬರಲಾಗದು, ಅದಕ್ಕಾಗಿ "ವಿಶಾದವಿದೆ" ಎಂದಿತ್ತು. ಅವಳು ಆ ಪದದ ಮೇಲೆ ಬೆರಳಿಟ್ಟು, "ಅತ್ತೆ, ಇದನ್ನ ನಾನು ಬರೆದಿಲ್ಲ. ನಿದ್ದೆಗಣ್ಣಲ್ಲೂ ನಾನು ಈ ತಪ್ಪು ಮಾಡಲ್ಲ" ಎಂದಳು. ಹೌದು, ಹೊಟ್ಟೆಪಾಡಿಗೆ ಅಕ್ಷರ ತಿದ್ದುವವಳ ಹೆಸರಿನಲ್ಲಿ ವಿಷಾದವನ್ನು ತಪ್ಪಾಗಿ ಬರೆದ ಮಹಾನುಭಾವ ಯಾರೋ ಇದ್ದ. ಆದರೆ ನಾಲ್ಕು ದಿನ ಹೋಗುವುದರೊಳಗೆ ಅವಳಿಗೆ ತನ್ನ ತಲೆಯ ಮೇಲೇ ಅನುಮಾನ ಶುರುವಾಯಿತು. "ಬರೆದು ಮರೆತೆನಾ ಅತ್ತೆ?" ಎಂದು ಅನ್ನ ಕಲಸುತ್ತಾ ಕೇಳಿದಳು. ಒಂದು ಹೆಣ್ಣಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಬರಿಸುವುದು ಎಂಥ ದೊಡ್ಡ ಸಾಧನೆ ಗೊತ್ತಾ ಪುಟ್ಟು? ಮೆಚ್ಚಿದೆ.

ಕೆಳಗಿನ ಮನೆಗೆ ಬಾಡಿಗೆಗೆ ಬಂದವಳು ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಟೀಚರು. ಇಂಥ ಮುದಿ ಯಂತ್ರಗಳನ್ನೇ ಸಾಲಾಗಿ ಇಟ್ಟುಕೊಂಡು ಮಕ್ಕಳಿಗೆ ಪಾಠ ಮಾಡುತ್ತಾಳಂತೆ. ನಿನ್ನ ಅಪ್ಪಣೆ ಮೀರಿ ನಾನೇ ಅವಳನ್ನು ಮೇಲಕ್ಕೆ ಕರೆದೆ. ಬಂದವಳು ಫ್ಯಾನಿನ ಸದ್ದು ಕೇಳಿ ನಕ್ಕುಬಿಟ್ಟಳು. "ಆಂಟಿ, ಯಂತ್ರ ಗಟ್ಟಿಯಾಗಿದೆ, ಒಳಗಿರೋ ಸಿಸ್ಟಂ ಭಾರ ಆಗಿದೆ ಅಷ್ಟೇ. ಪುಕ್ಕಟೆ ಸಿಗೋದು ಒಂದಿದೆ, ಹೊಸದಾಗಿ ಕಲಿಯೋರಿಗೆ ಅಂತಲೇ ಮಾಡಿದ್ದು. ಮೊದಲು ಹಾಗೇ ನೋಡಿ, ಇಷ್ಟ ಆದ್ರೆ ಹಾಕೋಣ" ಎಂದಳು. ಒಂದು ಪೆನ್ ಡ್ರೈವ್ ಸಿಕ್ಕಿಸಿದಳು. ಹಳೆಯದನ್ನು ಮುಟ್ಟದೆ, ಆ ಪುಟ್ಟ ಕಡ್ಡಿಯಿಂದಲೇ ಬೇರೊಂದು ಪರದೆ ತೆರೆದುಕೊಂಡಿತು. ಫ್ಯಾನು ಮೆತ್ತಗಾಯಿತು. ಬಾಣದ ಗುರುತು ಹುಡುಗಿ ಇಟ್ಟಲ್ಲೇ ನಿಂತಿತು. ಅವಳು ಕೈ ತೆಗೆದು ಸುಮ್ಮನೆ ಅದನ್ನೇ ನೋಡುತ್ತ ಕೂತಳು. ಅಲುಗಲಿಲ್ಲ. ಟೀಚರಿಗೆ ಅದೇ ವಿಚಿತ್ರವೆನಿಸಿತು. "ಮೊದಲು ಅಲುಗ್ತಾ ಇತ್ತಾ? ತಾನಾಗೇನಾ?" ಎಂದು ಕೇಳಿ, ಕಡ್ಡಿ ಕಿತ್ತು, ಹಳೆಯ ಸಿಸ್ಟಂ ಒಳಗೆ ಹೊಕ್ಕು ಹುಡುಕಿದಳು. ಅವಳ ನಗು ಅಲ್ಲಿಗೇ ನಿಂತಿತು. ದೂರದಲ್ಲಿ ಕೂತವರು ಈ ಪರದೆಯನ್ನು ನೋಡಲು, ಕೈಯಾಡಿಸಲು, ಇಲ್ಲಿ ಒತ್ತಿದ ಅಕ್ಷರಗಳನ್ನೆಲ್ಲ ಹೆಕ್ಕಿಕೊಳ್ಳಲು ಒಂದು ಪ್ರೋಗ್ರಾಂ ಒಳಗೆ ಕೂತಿತ್ತು. "ಯಾರೋ ನೋಡ್ತಾ ಇದಾರೆ" ಎಂದಳು ಟೀಚರು. ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ಎದ್ದು ಹೋಗಿ ಕಿಟಕಿಯ ಪರದೆ ಎಳೆದದ್ದು. ಪಾಪ, ಕಳ್ಳ ಬೀದಿಯಲ್ಲಿದ್ದಾನೆಂದು ತಿಳಿದಿದ್ದಳು.

ಫೋಟೋಗಳು, ಅವಳ ಕರಡುಗಳು, ನಿನ್ನ ಅಪ್ಪ ಹಾಡಿದ್ದ ಆ ಎರಡು ಹಾಡು, ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದಿಟ್ಟೆವು. ಟೀಚರು ಹೊಸ ಸಿಸ್ಟಂ ಹಾಕಲು ಶುರು ಮಾಡಿದಳು. ಯಾವ ಭಾಷೆ ಎಂದು ಕೇಳಿತು. ಹೆಸರೇನು ಎಂದು ಕೇಳಿತು. ಆಮೇಲೆ, ಹಳೆಯದನ್ನು ಪೂರ್ತಿ ಅಳಿಸಬಹುದೇ ಎಂದು ಕೇಳಿತು. ಹುಡುಗಿ ಮೌಸಿನ ಮೇಲೆ ಕೈಯಿಟ್ಟಿದ್ದಳು. "ಅವರಿಗೆ ಒಂದು ಮಾತು ಕೇಳಬೇಕಿತ್ತೇನೋ" ಎಂದಳು. ನಾನು ಅವಳ ಕೈ ಸರಿಸಿ ನನ್ನ ಬೆರಳಿನಿಂದಲೇ ಒತ್ತಿದೆ. ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಗಿದಿತ್ತು. ನಿನ್ನ ಇಷ್ಟು ವರ್ಷದ ಪಾಂಡಿತ್ಯ ಅಳಿಸಲು ಅಷ್ಟೇ ಹೊತ್ತು ಹಿಡಿದದ್ದು.

ಹೊಸದು ಹೇಗಿದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸ್ವಿಚ್ ಹಾಕಿ ಕುರ್ಚಿ ಎಳೆದುಕೊಳ್ಳುವುದರೊಳಗೆ ಸಿದ್ಧವಾಗಿರುತ್ತದೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಒತ್ತಿದರೆ ಎಲ್ಲವೂ ಓದುವಂಥ ಹೆಸರಿನಲ್ಲಿ ಸಾಲಾಗಿ ನಿಲ್ಲುತ್ತದೆ. ಬರೆಯುವುದಕ್ಕೆ ಒಂದು, ಚಿತ್ರ ನೋಡುವುದಕ್ಕೆ ಒಂದು, ನನಗೆ ಇಸ್ಪೀಟು ಆಡುವುದಕ್ಕೆ ಒಂದು. ಹೊಸದೇನಾದರೂ ಬಂದರೆ ಮೂಲೆಯಲ್ಲೊಂದು ಸಣ್ಣ ಗುರುತು ತೋರಿಸಿ ಮರ್ಯಾದೆಯಿಂದ ಸುಮ್ಮನಿರುತ್ತದೆ, ಕೆಲಸದ ಮಧ್ಯೆ ಮುಖಕ್ಕೆ ರಾಚುವುದಿಲ್ಲ. ಹುಡುಗಿಗೆ ಒಂದು ಬಾಗಿಲು, ನನಗೆ ಒಂದು ಬಾಗಿಲು, ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡು. ಅವಳದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ ನಾನು ಬದುಕಿದ್ದೇನೆ, ಆಶ್ಚರ್ಯ ನೋಡು. ಪ್ರಿಂಟರು ಮಾತ್ರ ಮೊದಲ ದಿನ ಮುನಿಸಿಕೊಂಡಿತ್ತು. ಟೀಚರು ಸಂಜೆ ಬಂದು ಸರಿಮಾಡಿಕೊಟ್ಟಳು.

ಆಮೇಲೆ ನಿನ್ನ ಫೋನು ಬಂತು. ನನ್ನ ಕಣ್ಣಿನ ಆಪರೇಷನ್ ಆದಾಗ ನಿನಗೆ ಪುರುಸೊತ್ತಿರಲಿಲ್ಲ, ಶಿಫ್ಟು ಎಂದಿದ್ದೆ. ಈಗ ಕೆಲಸದ ಹೊತ್ತಿನಲ್ಲೇ, ನನ್ನ ಕ್ಷೇಮ ಕೂಡ ಕೇಳದೆ, "ಅಮ್ಮ, ಕಂಪ್ಯೂಟರ್ ಕೆಟ್ಟಿದೆಯಾ?" ಎಂದೆ. ಇಲ್ಲ, ಚೆನ್ನಾಗಿ ಓಡುತ್ತಿದೆ, ಅವಳು ಅದರ ಮುಂದೆಯೇ ಕೂತಿದ್ದಾಳೆ ಎಂದೆ ನಾನು. "ಮತ್ತೆ ಎರಡು ದಿನದಿಂದ ಏನೂ ಕಾಣ್ತಾನೇ ಇಲ್ಲ?" ಎಂದುಬಿಟ್ಟೆ ನೀನು. ಆ ಕಡೆ ಕ್ರೇನಿನ ಗಂಟೆ ಹೊಡೆಯುವುದು ನನಗೆ ಕೇಳುತ್ತಿತ್ತು. ಸ್ಪೀಕರಿನಲ್ಲಿ ಹಾಕಿದ್ದೆ ಪುಟ್ಟು, ಅವಳಿಗೂ ಕೇಳಿಸಿತು. ಅಳಲಿಲ್ಲ. "ಅವರೇನಾ?" ಎಂದಳು, ಅಷ್ಟೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ವಿಷಯ ನನ್ನನ್ನು ಹಾಗೆ ಕೇಳಿದಳು. ನಾನು ಹೌದೆಂದು ತಲೆಯಾಡಿಸಬೇಕಾಯಿತು.

ಸಂಜೆಗೆ ನಿನ್ನ ಉದ್ದುದ್ದ ಮೆಸೇಜು ಬಂದವು. ಅವಳ ಸುರಕ್ಷತೆಗಾಗಿ ಮಾಡಿದೆಯಂತೆ. ಕಾಲ ಕೆಟ್ಟಿದೆಯಂತೆ. ಗಂಡನಾದವನಿಗೆ ಅಷ್ಟೂ ಹಕ್ಕಿಲ್ಲವೇ ಅಂತೆ. ಅದಕ್ಕೆಲ್ಲ ಕಿರೀಟವಿಟ್ಟಂತೆ, "ಪುಕ್ಕಟೆ ಸಾಮಾನು ತಂದು ತುಂಬಿದೀರಿ, ಅದನ್ನ ನಂಬಕ್ಕಾಗತ್ತಾ?" ಎಂದು ಕೇಳಿದ್ದೀಯ. ನಂಬಿಕೆಯ ಪಾಠ ನಿನ್ನಿಂದ! ನೀನು ಹಾಕಿಕೊಟ್ಟಿದ್ದ ಹಳೆಯ ಸಿಸ್ಟಂ ಯಾರದೋ ಬೀಗ ಒಡೆದು ತಂದ ಕದ್ದ ಪ್ರತಿ ಎಂದು ಟೀಚರು ನೋಡಿದ ಕೂಡಲೇ ಹೇಳಿದಳು. ಕದ್ದದ್ದನ್ನು ಹಾಕಿ, ಅದರೊಳಗೆ ಕದ್ದು ನೋಡುವುದನ್ನು ಇಟ್ಟು, ಅದರಿಂದ ಹೆಂಡತಿಯ ಹೆಸರು ಕದ್ದು ಪತ್ರ ಬರೆದವನು, ಕೇಳಿ ಪಡೆದದ್ದನ್ನು ನಂಬಬೇಡಿ ಎನ್ನುತ್ತಾನೆ. ಇದನ್ನು ಹುಡುಗಿಗೆ ಓದಿ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ನೆರೆಯುವವರೆಗೆ ಕೂತವಳು. ನೀನು ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದೆ. ಊರಿನ ಅರ್ಧ ಸಂಸಾರ ನನ್ನ ಕಿವಿಯ ಪಕ್ಕದಿಂದಲೇ ಹಾದು ಹೋಗುತ್ತಿತ್ತು. ಲೈನು ಕೂಡಿಸಿದ ಮೇಲೆ ಕಿವಿ ತೆಗೆಯಬೇಕು ಎನ್ನುವುದು ನಮಗೆ ಕಲಿಸಿದ ಮೊದಲ ಪಾಠ. ನಮ್ಮಲ್ಲಿ ಒಬ್ಬಳು ತೆಗೆಯುತ್ತಿರಲಿಲ್ಲ. ಯಾರ ಮಗಳು ಯಾರ ಜೊತೆ, ಯಾರ ಮನೆಯಲ್ಲಿ ಏನು ಜಗಳ, ಎಲ್ಲ ಕೇಳಿಸಿಕೊಂಡು ಮೀಸೆ ಇಲ್ಲದಿದ್ದರೂ ಮೀಸೆ ತಿರುವುತ್ತಿದ್ದಳು. ಮೇಲಿನವರು ಅವಳನ್ನು ಕೆಲಸದಿಂದ ತೆಗೆಯುವ ಮೊದಲೇ ನಾವು ನಮ್ಮ ಊಟದ ಮೇಜಿನಿಂದ ತೆಗೆದಿದ್ದೆವು. ಡಬ್ಬಿ ಬಿಚ್ಚಿಕೊಂಡು ಮೂಲೆಯಲ್ಲಿ ಗೋಡೆ ನೋಡುತ್ತ ತಿನ್ನುತ್ತಿದ್ದಳು. ಅವಳಾದರೂ ಬರೀ ಕೇಳುತ್ತಿದ್ದಳು. ಇನ್ನೊಬ್ಬರ ದನಿಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ನಿನಗಿಂತ ಅವಳು ವಾಸಿ ಎಂದು ಬರೆಯುವ ಗತಿ ನನಗೆ ಬಂತಲ್ಲ.

ಆ ಬಂದರಿನಲ್ಲಿ ನಿನ್ನ ಕೈಕೆಳಗೆ ಎಷ್ಟೋ ಜನ, ನೀನು ಸೀಟಿ ಊದಿದರೆ ಬೆಟ್ಟದಂಥ ಭಾರ ನಿಲ್ಲುತ್ತದೆ, ಇಳಿಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಒಬ್ಬಳು ಕೂತು ಅಕ್ಷರ ತಿದ್ದುವುದನ್ನು ಸಹಿಸಲು ನಿನಗೆ ಎದೆ ಸಾಲಲಿಲ್ಲ. ಹಗಲೆಲ್ಲ ಅಷ್ಟು ಎತ್ತರಕ್ಕೆ ಕತ್ತೆತ್ತಿ ನೋಡಿ, ಬಿಡುವಾದಾಗ ಇಷ್ಟು ಸಣ್ಣ ಕಿಂಡಿಗೆ ಕಣ್ಣಿಟ್ಟು ಬಗ್ಗುತ್ತಿದ್ದೆಯಲ್ಲ, ಸೊಂಟ ನೋಯಲಿಲ್ಲವೇ?

ಅವಳು ತನ್ನ ಮೇಲ್ ಪಾಸ್‌ವರ್ಡು ಬದಲಿಸಿದ್ದಾಳೆ. ಪ್ರೆಸ್ಸಿನ ಮ್ಯಾನೇಜರಮ್ಮನಿಗೆ ನಡೆದದ್ದನ್ನೆಲ್ಲ ನಾಚಿಕೆಪಡದೆ ಬರೆದಿದ್ದಾಳೆ. ನಾಚಿಕೆ ನಿನ್ನ ಪಾಲಿಗಿರಲಿ ಎಂದು ನಾನೇ ಹೇಳಿದೆ. ನಿನಗೂ ಅವಳಿಗೂ ಮುಂದೇನು ಎನ್ನುವುದು ಅವಳ ಬಾಯಿಂದಲೇ ಬರಬೇಕು, ನಾನು ಮಧ್ಯೆ ಬರುವುದಿಲ್ಲ. ಅವಳು ಫೋನು ಎತ್ತದಿದ್ದರೆ ಮತ್ತೆ ಮತ್ತೆ ಹೊಡೆಯಬೇಡ.

ಹೆತ್ತವಳು ಶಾಪ ಹಾಕಬಾರದು, ಹಾಕುವುದೂ ಇಲ್ಲ. ಆರೋಗ್ಯವಾಗಿರು. ಕೆಲಸದಲ್ಲಿ ಕೈಕಾಲು ಜೋಪಾನ. ಬುದ್ಧಿ ಬರಲಿ ಎಂದು ಹರಸುತ್ತೇನೆ, ಅದು ಬೇಗ ಬಂದರೆ ನಿನ್ನ ಪುಣ್ಯ.

ಇಂತು,
ನಿನ್ನ ಅಮ್ಮ

ತಾ.ಕ.: ಮೇಲಿನದೆಲ್ಲ ಪ್ರಿಂಟಾಗಿ ಎರಡು ದಿನ ಆಯಿತು, ಅಂಚೆಗೆ ಹಾಕಲಾಗಲಿಲ್ಲ. ಇದನ್ನು ಪೆನ್ನಿನಲ್ಲಿ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಅವಳಿಗೆ ಪ್ರೆಸ್ಸಿನ ಕೆಲಸ ಆಯಿತು, ಮ್ಯಾನೇಜರಮ್ಮ ಫೋನಿನಲ್ಲೇ ಸಂದರ್ಶನ ಮುಗಿಸಿ ಬೇಗ ಬನ್ನಿ ಎಂದರಂತೆ. ಈಗಲೇ ಹೊರಟಿದ್ದೇವೆ. ಇಬ್ಬರೂ. ಅವಳು ನನ್ನನ್ನು ಕರೆಯಲಿಲ್ಲ, "ನೀವು ನಿಮ್ಮ ಮಗನ ಜೊತೆಗಿರಿ ಅತ್ತೆ, ನಂಗೇನೂ ಬೇಜಾರಿಲ್ಲ" ಎಂದಳು. ನಾನೂ ಬರಲೇ ಎಂದು ನಾನೇ ಕೇಳಿದೆ. ಇವತ್ತು ಬೆಳಿಗ್ಗೆ ನನ್ನ ಸೀರೆಗಳನ್ನೂ ತನ್ನ ಪೆಟ್ಟಿಗೆಯಲ್ಲೇ ಮಡಚಿಡುತ್ತಿದ್ದಳು. ನಿನ್ನ ಸಾಮಾನೆಲ್ಲ ನಡುಮನೆಯಲ್ಲಿ ಕಟ್ಟಿಟ್ಟಿದೆ, ಬೀಗದ ಕೈ ಟೀಚರ ಹತ್ತಿರ. ಹೊಸ ವಿಳಾಸ ನನ್ನನ್ನು ಕೇಳಬೇಡ, ನಾನು ಕೊಡುವುದಿಲ್ಲ. ಅದು ಅವಳ ಮನೆ. ಲಾರಿಯವನು ಕೂಗುತ್ತಿದ್ದಾನೆ.