ನನ್ನ ನೋಟ್‌ಬುಕ್ಕು, ನಿನ್ನ ಹೆಸರು

ಹೂರಾ, ಬಹ್ರೇನ್
14-10-1994, ಶುಕ್ರವಾರ

ತಿಲಕನಿಗೆ,

ನಾನು ನಿನ್ನ ದೊಡ್ಡಮ್ಮ ಚಂದ್ರಾವತಿ. ಈ ಹೊಲಿಗೆ ಅಂಗಡಿಯ ಯಜಮಾನಿ, ನಿನ್ನ ವೀಸಾಕ್ಕಾಗಿ ಓಡಾಡಿದವಳು.

ನಮ್ಮಲ್ಲಿ ಹೊಲಿಯುವ ಥಾಯ್ ಹೆಂಗಸರಿಗೆ 'ಗೆಟ್' ಎಂಬ ಇಂಗ್ಲಿಷ್ ಪದ ಕಲಿಸಲು ಎರಡು ವರ್ಷ ಕೂತು ವಾಕ್ಯ ಬರೆದೆ. ದಾರ ತರುವುದಕ್ಕೂ ಗೆಟ್, ಬಸ್ಸು ಹತ್ತುವುದಕ್ಕೂ ಗೆಟ್, ಕಾಯಿಲೆ ವಾಸಿಯಾಗುವುದಕ್ಕೂ ಗೆಟ್. ನನ್ನ ಕಣ್ಣಿನ ಆಪರೇಷನ್ ಆದಾಗ ನೋಟ್‌ಬುಕ್ಕನ್ನೂ ಶುಕ್ರವಾರದ ಪಾಠವನ್ನೂ ನಿನಗೆ ಒಪ್ಪಿಸಿದೆ. ನೀನು ಅದನ್ನೇ ಟೈಪ್ ಮಾಡಿಸಿ, ಮೇಲೆ ನಿನ್ನ ಹೆಸರು ಹಾಕಿ ಹಂಚಿದೆ. 'ಚಂದ್ರಾವತಿಯ ಡಬ್ಬಿಯಿಂದ ಗುಂಡಿ ತಾ' ಎಂಬ ವಾಕ್ಯವನ್ನು ತೆಗೆಯಲೂ ನಿನಗೆ ಹೊಳೆಯಲಿಲ್ಲ.

ಅದನ್ನು ಓದಿದ ನಮ್ಮ ಥಾಯ್ ಹುಡುಗಿ ಮಾಲಿ, "ಇದು ಮೇಡಮ್ ಬರೆದದ್ದಲ್ಲವಾ?" ಎಂದು ಕೇಳಿದಳಂತೆ. "ಹತ್ತನೇ ಕ್ಲಾಸು ಓದಿದವರಿಗೆ ಇಷ್ಟೆಲ್ಲ ಎಲ್ಲಿಂದ ಬರ್ತದೆ?" ಎಂದು ನೀನು ಎಲ್ಲರೆದುರು ನಕ್ಕೆಯಂತೆ. ಅವಳೇ ಬಂದು ಹೇಳಿದಳು.

ನೋಟ್‌ಬುಕ್ಕನ್ನು ನಿನ್ನ ಹೆಂಡತಿಯ ಕೈಯಲ್ಲಿ ಕಳಿಸು. ಅವಳೂ ಮಗುವೂ ಎಂದಿನಂತೆ ಊಟಕ್ಕೆ ಬರಲಿ. ನೀನು ಬರುವುದು ಬೇಡ.

ಇವತ್ತು ಬೆಳಿಗ್ಗೆ ಪಾಠದ ಬೋರ್ಡಿನ ಮೇಲಿದ್ದ ನಿನ್ನ ಹೆಸರು ಅಳಿಸಿ, ಪಾಠ ನಾನೇ ಮಾಡಿದೆ.

ಚಂದ್ರಾವತಿ